ನೀವು ಮಗ್ಗಕ್ಕೆ ಕೂತ್ಕೊಳ್ರಿ, ನಾನಿದೀನಿ

ಚಳ್ಳಕೆರೆ
12-1-2025, ಭಾನುವಾರ

ಪ್ರೀತಿಯ ನಿಮ್ಮಿ,

ಹೇಗಿದ್ದೀಯಾ? ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜು ನೋಡಿಯೂ ಸುಮ್ಮನಿರುತ್ತೀಯ. ಕಾಗದವನ್ನಾದರೂ ಹರಿದು ಬಿಸಾಡುವ ಮೊದಲು ಓದುತ್ತೀಯಾ ಅಂತ ಬರೆಯುತ್ತಿದ್ದೇನೆ. ತಡ ಮಾಡಿದ್ದಕ್ಕೆ ಬೈದುಕೋ. ಮೊಳಕಾಲ್ಮೂರಿನ ಪೋಸ್ಟಿಂಗ್ ಮುಗಿಸಿ ಬಂದ ಮೇಲೆ ಪೆನ್ನು ಹಿಡಿದಾಗಲೆಲ್ಲ ಏನಾದರೊಂದು ನೆಪ ಹುಡುಕಿ ಎದ್ದುಬಿಡುತ್ತಿದ್ದೆ.

ಹಾಸ್ಟೆಲ್ಲಿನಲ್ಲಿ ಎಲ್ಲ ಮೊದಲಿನ ಹಾಗೆಯೇ. ಎಣ್ಣೆ ಮಿಲ್ಲಿನ ಶೇಂಗಾ ವಾಸನೆ ನರ್ಸಿಂಗ್ ಯೂನಿಫಾರ್ಮಿಗೂ ಹತ್ತಿದೆ. ಅನ್ನ ಈಗಲೂ ಮುದ್ದೆಗಿಂತ ಗಟ್ಟಿ.

ಮೊನ್ನೆ ಗಂಗಾಂಬಿಕಾ ಮೇಡಂ ಕ್ಲಾಸಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಲಕ್ವ ಹೊಡೆದು ಮಲಗಿದ್ದ ನೇಕಾರನ ಬೆನ್ನಿನ ಹುಣ್ಣು ಒಣಗಿಸಿ ಬಂದಿದ್ದಾಳೆ. ಆರೈಕೆ ಅಂದ್ರೆ ಇದು ಕಣ್ರೇ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೋ ಅಲ್ಲಿಂದ ಓಡಿಹೋಗೋಣ ಅನ್ನಿಸಿತು. ಬರುವ ಶನಿವಾರ ನಿಮ್ಮ ಸಮಾಜಕಾರ್ಯದವರನ್ನೂ ಕರೆಸಿ, ಆರೈಕೆ ಎಂದರೇನು ಅಂತ ಸೆಮಿನಾರ್ ಇಟ್ಟಿದ್ದಾರೆ. ಮೊದಲು ಮಾತಾಡಬೇಕಾದವಳು ನಾನಂತೆ. ಏನು ಹೇಳಲಿ, ನೀನೇ ಹೇಳು.

ಇಬ್ಬರೂ ಆ ನೇಕಾರ ಕ್ಯಾತಪ್ಪನವರ ಮನೆಗೇ ಹೋಗುತ್ತಿದ್ದೆವಲ್ಲ, ನೀನು ಅವರ ಬಾಗಿಲಲ್ಲೇ ಹೇಳಿದ್ದೆ: "ಏ ತ್ರಿವೇಣಿ, ಎಲ್ಲಾ ನೀನೇ ಮಾಡ್ಬೇಡ ಕಣೆ. ನಿಂಗಕ್ಕಂಗೆ ಕಲಿಸ್ಕೊಟ್ಟು ಪಕ್ಕಕ್ಕೆ ಸರಿ. ಅವ್ರ ಗಂಡ ಅದು." ನಾನು ಸುಮ್ಮನಿದ್ದೆನೇ? "ನಿಮ್ದು ಬರೀ ಬಾಯಿ. ಹೇಲು ಉಚ್ಚೆ ಬಳಿಯೋರು ನಾವು," ಅಂದುಬಿಟ್ಟೆ. ಚೀಲ ಹೆಗಲಿಗೇರಿಸಿ ಹೋದವಳು ನೀನು ಇವತ್ತಿಗೂ ಮಾತಾಡಿಲ್ಲ. ತಪ್ಪು ನನ್ನದೇ ಕಣೆ.

ನಿಂಗಕ್ಕ ಗಂಜಿ ಕುಡಿಸಿದರೆ ನೆತ್ತಿಗೇರುತ್ತಿತ್ತು, ನಿಜ. ಒತ್ತಿ ಒರೆಸಿದರೆ ಹುಣ್ಣು ಕಿತ್ತು ಬರುತ್ತಿತ್ತು, ಅದೂ ನಿಜ. "ಸೋಪು ಹಚ್ಚಿ ತೊಳೀದೆ ಅಲ್ಲಿ ಕೈ ಹಾಕ್ಬೇಡಿ. ಮಗ್ಗುಲು ನಾನು ಹೊರಳಿಸ್ತೀನಿ. ನೀವು ಮಗ್ಗಕ್ಕೆ ಕೂತ್ಕೊಳ್ರಿ, ನಾನಿದೀನಿ," ಅಂತ ದಿನಾ ಅಂದೆ. ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು, ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡೆ. ಮೊದಮೊದಲು ಪಾಪ, ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಅದೂ ನಿಂತಿತು. ಮುದುಕಪ್ಪ ಕಣ್ಣು ಬಿಟ್ಟರೆ "ಅಮ್ಮಾಯಿ ಬಂತಾ?" ಅಂತ ತೊದಲುತ್ತಾ, ಹುಡುಗಿ ಅನ್ನುವುದನ್ನು ತೆಲುಗಿನಲ್ಲಿ ಅಂದು, ನನ್ನನ್ನೇ ಹುಡುಕುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿ. ನಿಂಗಕ್ಕ ಮಗ್ಗದಿಂದಲೇ "ಬಂದೈತೆ ಕಣ್ರಿ ನಿಮ್ ಅಮ್ಮಾಯಿ," ಅನ್ನುತ್ತಿದ್ದರು. ತಮಾಷೆ ಅಂತಲೇ ತಿಳಿದು ನಾನು ನಗುತ್ತಿದ್ದೆ.

ಕ್ಯಾತಪ್ಪನವರು ನೆಮ್ಮದಿಯಾಗಿ ಹೋದರು ಅಂತ ನಿನಗೆ ಯಾರಾದರೂ ಹೇಳಿರಬೇಕು. ಹೌದು, ಒಂಚೂರೂ ನರಳಲಿಲ್ಲ. ಬೆಳಗ್ಗೆ ಮೈ ಒರೆಸುವಾಗ ನನ್ನ ಕೈಮೇಲೆಯೇ ತಲೆ ವಾಲಿತು. ನಿಂಗಕ್ಕ ಆಚೆ ಕೋಣೆಯಲ್ಲಿ ನೇಯುತ್ತಿದ್ದರು. ನಾನು ನಾಡಿ ನೋಡಿ, ಅವರ ಕಣ್ಣು ಮುಚ್ಚಿಸಿ, ಒಗೆದ ದುಪ್ಪಟಿ ಹೊದಿಸಿ, ಎಲ್ಲ ಅಚ್ಚುಕಟ್ಟು ಮಾಡಿದ ಮೇಲೆ ನಿಂಗಕ್ಕನನ್ನು ಕರೆದೆ. ಗಂಡನ ಬಾಯಿಗೆ ಒಂದು ಹನಿ ನೀರು ಬಿಡುವುದೂ ಆ ತಾಯಿಗೆ ಸಿಗಲಿಲ್ಲ, ನಿಮ್ಮಿ. ಕೂಗಿದ್ದರೆ ಎರಡು ಹೆಜ್ಜೆ ಅಷ್ಟೇ. ನನಗೆ ಹೊಳೆಯಲೇ ಇಲ್ಲ.

ನೀನು ಆ ಊರಲ್ಲೇ ಇದ್ದೀಯಲ್ಲ, ಒಂದು ಸಲ ನಿಂಗಕ್ಕನ ಹತ್ತಿರ ಹೋಗಿ ಬಾರೆ. ನನ್ನ ಹೆಸರು ಎತ್ತಬೇಡ. ಅವರು ಕೊಟ್ಟ ಟೀ ಕುಡಿದು, ಸ್ವಲ್ಪ ಹೊತ್ತು ಕೂತು ಬಾ. ಶನಿವಾರ ನಾನು ನಿಜವನ್ನೇ ಹೇಳುತ್ತೇನೆ. ನೀನು ಬಾರದಿದ್ದರೂ ಹೇಳುತ್ತೇನೆ, ಎದುರಿಗಿದ್ದರೆ ಧೈರ್ಯ, ಅಷ್ಟೇ.

ನಿಮ್ಮವ್ವನಿಗೆ ನಮಸ್ಕಾರ ಹೇಳು. ಹಬ್ಬದ ಎಳ್ಳು ಬೆಲ್ಲ ನನ್ನ ಪಾಲಿನದ್ದೂ ನೀನೇ ತಿನ್ನು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಜಗಳಗಂಟಿ,
ತ್ರಿವೇಣಿ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಕರೆದಾಗ ನಿಂಗಕ್ಕ ಅಳುತ್ತಾ ಓಡಿ ಬರಲಿಲ್ಲ. ಮೊದಲು ಬಚ್ಚಲಿಗೆ ಹೋಗಿ, ಸೋಪು ಹಚ್ಚಿ, ಮೊಣಕೈವರೆಗೂ ಕೈ ತೊಳೆದರು. ಆಮೇಲೆ ಹೊಸ್ತಿಲಾಚೆಯೇ ನಿಂತು, ಒದ್ದೆ ಕೈ ಮುಂದೆ ಹಿಡಿದುಕೊಂಡು ನನ್ನನ್ನು ಕೇಳಿದರು: "ಈಗ ಮುಟ್ಬೋದೇನವ್ವಾ?"

ನಾನು ಹೂಂ ಅಂದೆ. ಹೂಂ ಅನ್ನಲು ನಾನು ಯಾರೇ, ನಿಮ್ಮಿ?