ಅಂಗೈ ನೋಡಿ ಕೊಟ್ಟ ದಾರಿ

ಮಾರ್ಚ್ 4, ಸೋಮವಾರ

ಆಸ್ಪತ್ರೆ ಲಾಂಡ್ರಿ. ಬ್ಲೀಚಿಂಗ್ ಪೌಡರಿಗೆ ಇವತ್ತೂ ಬೆರಳು ಬಿರಿದವು. ಶಿಫ್ಟ್ ಮುಗಿಸಿ ಅತ್ತಿಗೆಯ ಜೊತೆ ಧ್ಯಾನಕೇಂದ್ರಕ್ಕೆ ಹೋದೆ. ಅವ್ವ ಸತ್ತಾಗಿನಿಂದ ಒಂದೇ ಪ್ರಶ್ನೆ ತಲೆ ಕೊರೆಯುತ್ತಿದೆ— ನಮ್ಮನ್ನು ಬೈಯುತ್ತಿದ್ದ, ನಗಿಸುತ್ತಿದ್ದ ಆ ಜೀವ ಎಲ್ಲಿಗೆ ಹೋಯಿತು? ಮಹಡಿಯ ಮೇಲೆ ಜ್ಞಾನಮಾರ್ಗದ ಕ್ಲಾಸಿನಲ್ಲಿ ಅದನ್ನೇ ಹೇಳಿಕೊಡುತ್ತಾರಂತೆ.

ಗುರುಗಳು ಅಂಗೈ ಮುಟ್ಟಿ ನೋಡಿ ದಾರಿ ಹೇಳುತ್ತಾರೆ. ಅತ್ತಿಗೆಗೆ ಭಕ್ತಿಮಾರ್ಗ, ಭಜನೆಗೆ ಕೂತಳು. ನನ್ನ ಕೈ ಹಿಡಿದವರು ಕೆಂಡ ಮುಟ್ಟಿದ ಹಾಗೆ ಬಿಟ್ಟರು.

"ನಿಂದು ಕರ್ಮಮಾರ್ಗ ತಾಯಿ. ಫಲ ಬಯಸಬೇಡ."

ಅಂದರೆ... ಕೆಳಗಿನ ಕಕ್ಕಸು ತೊಳೆಯುವುದು.

ಮಾರ್ಚ್ 6

ತೊಳೆದೆ. ದಿನವಿಡೀ ತೊಳೆದು ಬಂದವಳಿಗೆ ಮೋಕ್ಷವೂ ತೊಳೆಯುವುದೇ!

ಮಹಡಿ ಹತ್ತುವವರ ಕೈಗಳನ್ನು ನೋಡಿದೆ. ಒಂದೂ ಒರಟಿಲ್ಲ. ನಮ್ಮ ಬೀದಿಯವರು ಒಬ್ಬರೂ ಇಲ್ಲ. ನಮ್ಮವರೆಲ್ಲ ಭಜನೆಗೆ, ಇಲ್ಲ ಪೊರಕೆ ಹಿಡಿದು ಕೆಳಗೆ. ಸ್ವಭಾವ ನೋಡಿ ದಾರಿಯಂತೆ. ಥೂ!

"ಸುಮ್ನಿರೇ, ಯಾರಾದ್ರೂ ಕೇಳಿಸ್ಕೊಂಡಾರು" ಎಂದಳು ಅತ್ತಿಗೆ. "ಪುಣ್ಯದ ಕೆಲಸ ಕಣೇ."

"ಆ ಪುಣ್ಯ ಮೇಲಿನವರಿಗೆ ಯಾಕೆ ಬೇಡ ಅತ್ತಿಗೆ? ಡಾಕ್ಟ್ರು ಪಥ್ಯ ಹೇಳಿದಾರಾ?"

ನಕ್ಕುಬಿಟ್ಟಳು. ಆಮೇಲೆ ಅತ್ತಿತ್ತ ನೋಡಿ ಬಾಯಿ ಮುಚ್ಚಿಕೊಂಡಳು.

ಮಾರ್ಚ್ 13

ಒಂದು ವಾರ ಹೋಗಲಿಲ್ಲ. ಬರೆಯಲೂ ಇಲ್ಲ. ಸಿಟ್ಟಿಗೆ ಮೈಯೆಲ್ಲ ಉರಿ. ಇವತ್ತು ನೇರ ಕೇಳಿದೆ.

"ಗುರುಗಳೇ, ನಂಗೆ ಮೇಲಿನ ಕ್ಲಾಸ್ ಬೇಕು."

"ಮೂರು ದಾರೀನೂ ಒಂದೇ ಕಡೆ ಸೇರೋದು ತಾಯಿ. ಅದ್ರಲ್ಲಿ ಮೇಲು ಕೀಳು ಇಲ್ಲ."

"ಇಲ್ವಾ? ಹಾಗಾದ್ರೆ ಇವತ್ತು ನೀವು ನನ್ನ ದಾರೀಲಿ ಹೋಗಿ, ನಾನು ನಿಮ್ಮ ದಾರೀಲಿ ಹೋಗ್ತೀನಿ."

ಕಕ್ಕಸಿನ ಬ್ರಷ್ ಚಾಚಿದೆ. ಗುರುಗಳ ಎರಡೂ ಕೈ ಬೆನ್ನ ಹಿಂದಕ್ಕೆ ಹೋದವು. ಮುಖ ಕಪ್ಪಿಟ್ಟಿತು.

"ಅಹಂಕಾರ! ಇದೇ ನಿನ್ನ ಬಂಧನ."

ಕೇಳಿದರೆ ನನಗೆ ಅಹಂಕಾರ. ಮುಟ್ಟದಿದ್ದರೆ ಅವರಿಗೆ ವೈರಾಗ್ಯ. ಬಲು ಚೆನ್ನಾಗಿದೆ ವೇದಾಂತ.

ಮಾರ್ಚ್ 14, ಸಂಜೆ 6

ಜ್ಞಾನದ ಹಾಲ್. ಡೈರಿ ತೊಡೆಯ ಮೇಲಿಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದೇನೆ. ಪಕ್ಕದ ಹೆಂಗಸು ಬ್ಯಾಗು ಎಳೆದುಕೊಂಡು ಜರುಗಿದಳು. "ನೀವು ಈ ದೇಹವಲ್ಲ" ಎನ್ನುತ್ತಿದ್ದ ಗುರುಗಳು ನನ್ನನ್ನು ಕಂಡು ಮಾತು ನಿಲ್ಲಿಸಿದರು. ವಾಚ್‌ಮನ್‌ಗೆ ಕಣ್ಸನ್ನೆ.

ಅಷ್ಟರಲ್ಲಿ ಅತ್ತಿಗೆ. ಭಜನೆ ಬಿಟ್ಟು ಬಂದು ಆ ಖಾಲಿ ಜಾಗದಲ್ಲಿ ಕೂತಳು. ಬಾಗಿಲ ಕಡೆಗೇ ನೋಡುತ್ತಿದ್ದಾಳೆ. ಆದರೂ ಕೂತಿದ್ದಾಳೆ.

"ಏಳಮ್ಮ ಮೇಲೆ" ಎಂದ ವಾಚ್‌ಮನ್.

ಬರೆಯುತ್ತಲೇ ಇದ್ದೇನೆ. ತಲೆ ಎತ್ತಿ ಕೇಳಿದೆ—

"ದೇಹ ನಾವಲ್ಲ ಅಂದ್ರಲ್ಲ ಗುರುಗಳೇ. ಮತ್ತೆ ಇವನು ಎಬ್ಬಿಸ್ತಿರೋದು ಯಾರನ್ನ?"

ಗುರುಗಳು ಮತ್ತೆ ಕಣ್ಸನ್ನೆ ಮಾಡಿದರು. ವಾಚ್‌ಮನ್ ನನ್ನ ರಟ್ಟೆಗೆ ಕೈ ಹಾಕಿದ. ಏಳುವುದಿಲ್ಲ. ಅತ್ತಿಗೆ ನನ್ನ ಸೊಂಟ ಬಿಗಿಯಾಗಿ ಹಿಡಿದು—