ಹಗ್ಗ ಹಿಡಿದವರ ಪಾಲು

ಆರನೇ ತಿಂಗಳು, ಮೂವತ್ತನಾಲ್ಕನೇ ತಾರೀಕು, ೨೧೯೭
ಘಟ್ಟದ ಮೇಲಿನ ಪಾಳಿಮನೆಗಳು, ಎಂಟನೇ ಸಾಲು

ಮಾನ್ಯ ವಿನುತಾ ಅವರಿಗೆ,

ತಾರೀಕು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಈಗ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಪುಸ್ತಕದಿಂದ. ಇಲ್ಲಿ ಹಿಂದಂಚೆ ಎಂದಿದೆ, ಬರೆದದ್ದನ್ನು ಕಳೆದ ಕಾಲಕ್ಕೆ ಮುಟ್ಟಿಸುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಹೆಚ್ಚಿನವರು ತೀರಿಹೋದ ತಾಯಿಗೋ ಮಗುವಿಗೋ ಬರೆಯುತ್ತಾರೆ. ನಾನು ಆ ಒಂದೇ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ. ಪ್ರೀತಿಯಿಂದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನನ್ನ ಹೆಸರು ತೆರೆಮಣಿ. ನನ್ನ ಅಜ್ಜಿಯ ಅಜ್ಜಿ ನಿಮಗೆ ಚೆನ್ನಾಗಿ ಗೊತ್ತು: ಕಂಚಿಕೋಡಿಯ ತನುಷಾ, ಒಂಬತ್ತು ವರ್ಷದವಳು, ನಿಮ್ಮ ಮಕ್ಕಳ ಪುಸ್ತಕದ ನಾಯಕಿ. ಮೀನುಗಾರರ ಕೇರಿಗೆ ನಗರ ಬರುತ್ತದೆ, ಕಡಲ ದಂಡೆಯ ಮೇಲೆ ಎತ್ತರದ ಕಟ್ಟಡಗಳು ಏಳಬೇಕು, ಕೇರಿಯವರು ಹೆದರುತ್ತಾರೆ. ಅಲ್ಲಿಯವರೆಗೆ ನೀವು ಬರೆದದ್ದೆಲ್ಲ ನಿಜ. ಬಲೆ ಒಣಗುವ ವಾಸನೆ, ದೋಣಿಯಡಿಯ ನೆರಳಲ್ಲಿ ಮಲಗುವ ನಾಯಿ, ಒಂದೂ ತಪ್ಪಿಲ್ಲ. ಕೊನೆಯ ಪುಟದಲ್ಲಿ ಮಾತ್ರ ತನುಷಾ ಹದಿನಾಲ್ಕನೇ ಮಹಡಿಯ ಕಿಟಕಿಯಲ್ಲಿ ನಿಂತು ಕೈಬೀಸುತ್ತಾಳೆ. "ಇಲ್ಲಿಂದ ನನ್ನ ಕಡಲು ಇನ್ನೂ ದೊಡ್ಡದಾಗಿ ಕಾಣುತ್ತದೆ" ಎನ್ನುತ್ತಾಳೆ. ಚಿತ್ರವೂ ಮುದ್ದಾಗಿದೆ.

ನಾವು ಈಗ ಬದುಕುವ ರೀತಿ ನಿಮಗೆ ತಿಳಿದಿರಲಿ. ಪಾಳಿಮನೆ ಎಂದರೆ ಒಂದೇ ಕೋಣೆಯನ್ನು ಎರಡು ಸಂಸಾರಗಳು ಹಂಚಿಕೊಳ್ಳುವುದು. ಹಗಲಿಗೊಂದು, ರಾತ್ರಿಗೊಂದು. ನಾವು ಹಗಲಿನವರು. ಹಾಸಿಗೆಯಲ್ಲಿ ಯಾವಾಗಲೂ ಬೇರೆಯವರ ಬಿಸಿ ಇರುತ್ತದೆ. ಊಟಕ್ಕೆ ಅಚ್ಚುಮೀನು ಕೊಡುತ್ತಾರೆ. ಅದು ತೊಟ್ಟಿಯಲ್ಲಿ ಬೆಳೆಸಿ ಇಟ್ಟಿಗೆಯ ಆಕಾರಕ್ಕೆ ಕತ್ತರಿಸಿದ ಮಾಂಸ, ತಲೆಯಿಲ್ಲ, ಬಾಲವಿಲ್ಲ. ಮೀನಿಗೆ ಮುಳ್ಳಿರುತ್ತಿತ್ತು ಎಂದರೆ ನನ್ನ ಮೊಮ್ಮಗಳು ನಗುತ್ತಾಳೆ, ಗುಲಾಬಿಗಿದ್ದ ಹಾಗಾ ಎಂದು ಕೇಳುತ್ತಾಳೆ. ನಿಮ್ಮ ಕಟ್ಟಡಗಳು ಇನ್ನೂ ಇವೆ. ಮೊದಲ ಮಹಡಿಗೆ ಕಡಲ ಉಬ್ಬರದ ನೀರು ನುಗ್ಗುವುದರಿಂದ ಯಾರೂ ಇಲ್ಲ, ಮೆಟ್ಟಿಲುಗಳ ತುಂಬ ಕಪ್ಪೆಚಿಪ್ಪು. ವರ್ಷಕ್ಕೊಮ್ಮೆ ಪರವಾನಗಿ ಪಡೆದು ಹೋಗಿ ದೂರದಿಂದ ನೋಡಿ ಬರುತ್ತೇವೆ.

ಕಂಚಿಕೋಡಿಯವರಿಗೆ ಹದಿನಾಲ್ಕನೇ ಮಹಡಿ ಹಾಗಿರಲಿ, ನೆಲಮಹಡಿಯಲ್ಲೂ ಜಾಗ ಸಿಗಲಿಲ್ಲ. ಅವರನ್ನು ಲಾರಿಯಲ್ಲಿ ತಂದು ಇಲ್ಲಿಯ ತಗಡಿನ ಶೆಡ್ಡುಗಳಲ್ಲಿ ಇಳಿಸಿದರು. ದೋಣಿ ತರಲು ಬಿಡಲಿಲ್ಲ. ಆದರೆ ನಿಮ್ಮ ಪುಸ್ತಕ ಶಾಲೆಗಳಿಗೆ ಬಂತು, ಇವತ್ತಿಗೂ ಇದೆ. ನಾನು ಒಂಬತ್ತರವಳಿದ್ದಾಗ, ಅವಳ ವಂಶದವಳು ಎಂದು ಶಾಲೆಯ ನಾಟಕದಲ್ಲಿ ತನುಷಾಳ ಪಾತ್ರ ನನಗೇ ಕೊಟ್ಟರು. ರಟ್ಟಿನ ಕಿಟಕಿಯಲ್ಲಿ ನಿಂತು ಕೈಬೀಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಓಡಿಬಂದು ಅಜ್ಜಿಯೆದುರು ಇನ್ನೊಮ್ಮೆ ಬೀಸಿ ತೋರಿಸಿದೆ. ಅಜ್ಜಿ ನನ್ನ ಕೈ ಹಿಡಿದು ಕೆಳಗಿಳಿಸಿದರು. "ಅದ್ ನಮ್ ಕಥಿ ಅಲ್ಲ ಮಗಾ" ಎಂದರು. ಅವರು ತಮ್ಮ ಅಜ್ಜಿ ತನುಷಾಳ ಮಡಿಲಲ್ಲಿ ಬೆಳೆದವರು, ಅವರಿಗೆ ಗೊತ್ತಿತ್ತು. ಆ ಚಪ್ಪಾಳೆಯ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ಅಜ್ಜಿ ಹೇಳಿದ್ದನ್ನು ನಂಬಬೇಕೋ ಬೇಡವೋ ಎಂದು ನಾನು ಧ್ವನಿಕಣಜಕ್ಕೆ ಹೋದೆ. ಹಳೆಯ ದನಿಗಳನ್ನೂ ಕಾಗದಗಳನ್ನೂ ಕಾಪಿಡುವ ಜಾಗ ಅದು. ಅಲ್ಲಿ ನಿಮ್ಮ ಹೆಸರಿನ ಪೆಟ್ಟಿಗೆಯಿದೆ. ಅದರಲ್ಲಿ ನೀವು ನಿಮ್ಮ ಫೋನಿನಲ್ಲಿ ಹಿಡಿದಿಟ್ಟ ಕಂಚಿಕೋಡಿಯ ಒಂದು ಬೆಳಗು ಸಿಕ್ಕಿತು.

ಅವತ್ತು ಕೈರಂಪಣಿ ಬಿಟ್ಟಿದ್ದರು. ದೋಣಿಯಲ್ಲಿ ಹೋಗಿ ಕಡಲಿಗೆ ಅರ್ಧ ಬಳಸಿ ದೊಡ್ಡ ಬಲೆ ಹಾಸಿ, ಅದರ ಎರಡೂ ತುದಿಯ ಹಗ್ಗಗಳನ್ನು ಇಡೀ ಕೇರಿ ಮರಳಿನಲ್ಲಿ ನಿಂತು ಎಳೆಯುವ ಕೆಲಸ. ನೀವೂ ಸೀರೆ ಎತ್ತಿಕಟ್ಟಿ ಹಗ್ಗ ಹಿಡಿದಿರಿ. ನಿಮ್ಮ ಏದುಸಿರು ಕೇಳಿಸುತ್ತದೆ, ನಗುವೂ. ಮೀನು ಪಾಲು ಮಾಡುವಾಗ ನಿಮಗೂ ಬಂಗುಡೆ ಕೊಟ್ಟರು. ನನಗ್ಯಾಕೆ ಎಂದು ನೀವು ಸಂಕೋಚಪಟ್ಟಿರಿ. ಆಗ ತನುಷಾಳ ಅಜ್ಜಿ ಅಕ್ಕಣಿಯಮ್ಮ ನಗುತ್ತ ಹೇಳುತ್ತಾರೆ: "ಹಗ್ಗ ಹಿಡ್ದರ್ ಎಲ್ಲ ನಮ್ಮರೇ. ಹಿಡ್ದರಿಗೆ ಪಾಲ್ ಕೊಡ್ಕ್. ಅವ್ರ್ ಹೇಳದ್ ಸುಳ್ಳಾದ್ರೂ ಹೊರ್ಗಿನರ್ ಎದ್ರಿಗೆ ಅಲ್ಲ ಅಂಬುಕಾಗ." ನೀವು ಅದನ್ನು ಎರಡು ಸಲ ಹೇಳಿಸಿಕೊಂಡಿರಿ, ಹಗ್ಗ ಹಿಡಿದವರ ಮಾತು ಸುಳ್ಳಾದರೂ ಹೊರಗಿನವರೆದುರು ಅಲ್ಲಗಳೆಯಬಾರದು ಎಂದು ಬರೆದುಕೊಂಡಿರಿ. ಕೊನೆಗೆ ಮಗು ನಿಮ್ಮ ಫೋನಿನ ಹತ್ತಿರವೇ ಬಾಯಿಟ್ಟು ಹೇಳುತ್ತದೆ: "ನಾವ್ ಎಲ್ಲಿಗೂ ಹೋತಿಲ್ಲೆ ಅಂದೇಳಿ ಬರೀರಿ ಅಕಾ." ನೀವು "ಖಂಡಿತ ಪುಟ್ಟಾ" ಎನ್ನುತ್ತೀರಿ.

ಖಂಡಿತ ಪುಟ್ಟಾ! ಆ ಎರಡು ಪದಗಳನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಅಳುತ್ತ ಮಲಗಬಾರದು, ಕೊನೆ ಸಿಹಿಯಾಗಿರಲಿ ಎಂದು ಪ್ರಕಾಶಕರು ನಿಮಗೆ ಬರೆದ ಕಾಗದವೂ ಪೆಟ್ಟಿಗೆಯಲ್ಲಿದೆ. ಯಾರ ಮಕ್ಕಳು ಎಂದು ನೀವು ಒಂದು ಮಾತು ಕೇಳಲಿಲ್ಲ.

ಈ ಪತ್ರ ನಿಮ್ಮ ಕೈ ಸೇರುವುದು ಕಟ್ಟಡಗಳ ಬಗ್ಗೆ ಕೇರಿಯವರ ಅಹವಾಲು ಕೇಳುವ ಸಭೆಯ ಹಿಂದಿನ ದಿನ. ನಾಳೆ ಏನಾಗುತ್ತದೆ ಎಂಬುದು ನಡಾವಳಿಯಲ್ಲಿದೆ. ಅಧಿಕಾರಿ ನಿಮ್ಮ ಪುಸ್ತಕದ ಕೊನೆಯ ಪುಟವನ್ನು ಗಟ್ಟಿಯಾಗಿ ಓದುತ್ತಾರೆ. ನಿಮ್ಮ ಕೇರಿಯ ಮಗುವೇ ಹೀಗೆ ಹೇಳಿದೆ, ಇದು ಸುಳ್ಳೇ ಎಂದು ಅಕ್ಕಣಿಯಮ್ಮನನ್ನು ಕೇಳುತ್ತಾರೆ. ನೀವು ಮೂರನೇ ಸಾಲಿನಲ್ಲಿ ಕೂತಿರುತ್ತೀರಿ. ಆ ಹೆಂಗಸು ನಿಮ್ಮತ್ತ ತಿರುಗಿ ನೋಡುತ್ತಾರೆ, ನೀವೇ ಎದ್ದು ಅಲ್ಲ ಎನ್ನುತ್ತೀರಿ ಎಂದು ಕಾಯುತ್ತಾರೆ. ನೀವು ಹಗ್ಗ ಹಿಡಿದವರು. ನಿಮ್ಮನ್ನು ಸುಳ್ಳುಗಾತಿ ಎನ್ನಲು ಅವರಿಗೆ ನಾಲಿಗೆ ಬರುವುದಿಲ್ಲ. ಕೇರಿಯ ಒಬ್ಬರಿಗೂ ಬರುವುದಿಲ್ಲ. ಬುದ್ಧಿಯಿದ್ದ ಬೇರೆ ಯಾರಾದರೂ ಕೂಗಾಡಿ ಸಭೆ ಮುರಿಯುತ್ತಿದ್ದರು. ನಮ್ಮವರು ಮರ್ಯಾದೆ ಉಳಿಸಿದರು, ನಿಮ್ಮ ಮರ್ಯಾದೆ. ನಡಾವಳಿಯ ಕೊನೆಯ ಸಾಲು: ಆಕ್ಷೇಪಣೆ ಯಾರದ್ದೂ ಇಲ್ಲ.

ಅಕ್ಕಣಿಯಮ್ಮ ಲಾರಿ ಹತ್ತಿದ ಮೇಲೂ, ಆ ಪುಸ್ತಕ ಬರೆದವಳಿಗೆ ಹುಷಾರಿರಲಿಲ್ಲವೇನೋ, ಇಲ್ಲದಿದ್ದರೆ ಏಳುತ್ತಿದ್ದಳು ಎಂದು ಸಾಯುವವರೆಗೂ ಹೇಳುತ್ತಿದ್ದರಂತೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ನಾಳೆ ಎದ್ದು ನಿಲ್ಲಿ. ಆ ಪುಟ ನನ್ನದು, ಮಗು ಹೇಳಿದ್ದು ಬೇರೆ ಎನ್ನಿ. ಅಷ್ಟೇ ಸಾಕು.

ಆದರೂ ಒಂದು ಸತ್ಯ ಹೇಳದೆ ಮುಗಿಸಲಾರೆ. ನಿಮ್ಮ ಪೆಟ್ಟಿಗೆಯ ತಳದಲ್ಲಿ ಒಂದು ಲಕೋಟೆಯಿದೆ. ಮೇಲೆ ಹಿಂದಂಚೆಯ ಮುದ್ರೆ, ಒಳಗೆ ನನ್ನ ಕೈಬರಹ, ನಾನು ಇನ್ನೂ ಬರೆದಿರದಿದ್ದ ಇದೇ ಪತ್ರ. ಒಡೆದಿದೆ. ಮಡಿಕೆ ಸವೆದಿದೆ, ಎಷ್ಟೋ ಸಲ ಬಿಚ್ಚಿ ಓದಿದಂತಿದೆ. ಅಂದರೆ ಇದು ನಿಮಗೆ ಸಮಯಕ್ಕೆ ಸರಿಯಾಗಿ ಮುಟ್ಟಿತು. ನಿಮಗೆ ಎಲ್ಲ ತಿಳಿದಿತ್ತು. ನೀವು ಸಭೆಗೆ ಹೋದಿರಿ, ಮೂರನೇ ಸಾಲಿನಲ್ಲಿ ಕೂತಿರಿ, ಏಳಲಿಲ್ಲ.

ಹಾಗಿದ್ದೂ ಏಕೆ ಬರೆದೆ ಎಂದು ಮಗಳು ಕೇಳಿದಳು. ತಾಯಿಗೆ ಬರೆಯಬಹುದಿತ್ತಲ್ಲ ಎಂದಳು. ಬರೆಯಬಹುದಿತ್ತು. ಆದರೆ ನೀವು ಅವತ್ತು ನಮ್ಮ ಹಗ್ಗ ಹಿಡಿದಿರಿ, ಹಿಡಿದವರಿಗೆ ಪಾಲು ಕೊಡಲೇಬೇಕು. ನಮ್ಮಲ್ಲಿ ಈಗ ಮೀನಿಲ್ಲ, ಇರುವುದು ಇಷ್ಟೇ. ತೆಗೆದುಕೊಳ್ಳಿ.

ಕಂಚಿಕೋಡಿಯ
ತೆರೆಮಣಿ