ಹದಿನಾರನೆಯ ಸೈನ್

ಜೂನ್ ೩. ಬೆಳಿಗ್ಗೆ ಎಂಟು

ಬಿಪಿ ೧೫೦–೯೦.

ಯಾರದು ಇಲ್ಲಿ ಕಣ್ಣು ಹಾಕಿದ್ದು? ಮೇಲಿನ ಅಂಕಿ ಡಾಕ್ಟರಿಗೆ. ಅದನ್ನು ನೋಡಿಕೊಂಡು ಪುಸ್ತಕ ಮುಚ್ಚಬೇಕು. ಕೆಳಗಿನದು ನನ್ನದು. ಸೊಸೆಯಾದರೆ — ಒಲೆಯ ಮೇಲೆ ಹಾಲಿಟ್ಟು ಬಂದಿರುತ್ತೀ, ಹೋಗಿ ನೋಡು. ಮಗನಾದರೆ — ಹೆತ್ತವಳ ದಿಂಬಿನಡಿ ಕೈ ಹಾಕುವಷ್ಟು ಪುರುಸೊತ್ತಿದ್ದರೆ ಎದುರಿಗೆ ಕೂತು ಎರಡು ಮಾತಾಡು. ಡಾಕ್ಟರೇ ಆದರೆ — ನಾಚಿಕೆಯಾಗಬೇಕು, ಓದಿದವರು ನೀವು. ಅಕ್ಷರ ಸೊಟ್ಟ ಎಂದು ನಗುವುದು ಬೇಡ. ಮೂರನೇ ಕ್ಲಾಸಿನ ಅಕ್ಷರ, ಅರವತ್ತು ವರ್ಷ ಹಳೆಯದು. ನಿಮ್ಮ ಮೊಣಕಾಲು ಅಷ್ಟು ವರ್ಷ ಆದಮೇಲೆ ಎಷ್ಟು ನೆಟ್ಟಗಿರುತ್ತದೆ ನೋಡೋಣ.

ಫುಟ್‌ಬಾಲ್ ಸೀಸನ್. ಕಟ್ಟಡಕ್ಕೆ ದೇಶಭಕ್ತಿಯ ನೆಗಡಿ ಹತ್ತಿದೆ. ಒಬ್ಬರು ಸೀನಿದರೆ ಇಪ್ಪತ್ತನಾಲ್ಕು ಮನೆಯೂ ಸೀನುತ್ತದೆ. ಬಾಲ್ಕನಿಗೊಂದು ಬಾವುಟ. ಒಂದರ ಪಕ್ಕ ಒಣಹಾಕಿದ ಚಡ್ಡಿ. ಎರಡಕ್ಕೂ ಒಂದೇ ಕ್ಲಿಪ್ಪು. ಬಾವುಟ ಹಂಚಿದವರು ಕಮಿಟಿ ಸೆಕ್ರೆಟರಿ — ಮೂರನೇ ಮಹಡಿ, ಹೊಟ್ಟೆ ಮೊದಲು ಬರುತ್ತದೆ, ಆಮೇಲೆ ಅವರು. ಇಪ್ಪತ್ತನಾಲ್ಕನ್ನೂ ಇಸ್ತ್ರಿ ಮಾಡಿದವಳು ಇಸ್ತ್ರಿಯವಳು. ಪುಕ್ಕಟೆ. ದೇಶಸೇವೆ ಎಂದರಂತೆ. ದೇಶಸೇವೆಯನ್ನು ಯಾವಾಗಲೂ ಬೇರೆಯವರ ಕೈಯಲ್ಲಿ ಮಾಡಿಸುವುದು.

ಇಸ್ತ್ರಿಯವಳು ಇರುವುದು ಮೆಟ್ಟಿಲ ಕೆಳಗಿನ ಒಂಟಿ ಕೋಣೆಯಲ್ಲಿ. ಕೋಣೆ ಕಮಿಟಿಯದು. ಇಪ್ಪತ್ತೆರಡು ವರ್ಷವಾಯಿತು. ನನ್ನನ್ನು ಅಕ್ಕ ಎನ್ನುತ್ತಾಳೆ; ಒಡಹುಟ್ಟಿದವರೂ ಅಷ್ಟು ಬಾಯಿತುಂಬ ಕರೆದದ್ದಿಲ್ಲ. ಇಸ್ತ್ರಿ ಮೇಜಿನ ಅಡಿಯಲ್ಲಿ ಮಲಗಿಸಿ ಬೆಳೆಸಿದ ಮಗನೇ ಉದ್ದಗೈ. ಹುಟ್ಟಿದಾಗಲೇ ಕೈ ಮೊಣಕಾಲಿಗೆ ಬರುತ್ತಿತ್ತು, ಹೆಸರಿಟ್ಟವಳು ನಾನು. ಈಗ ದೇಶದ ಗೋಲ್‌ಕೀಪರ್. ಅದಕ್ಕೇ ಕಟ್ಟಡಕ್ಕೆ ಇಷ್ಟು ಸೊಕ್ಕು. ಬಸಿರಾದವಳು ಅವಳು, ಬಯಕೆ ಇವರಿಗೆ.

ಜೂನ್ ೫. ಸಂಜೆ

ಬಿಪಿ ನೋಡಿಲ್ಲ. ಮ್ಯಾಚಿತ್ತು.

ಅವಳ ಕೋಣೆಯಲ್ಲೇ ಕೂತು ನೋಡಿದೆ. ನೋಡಿದ್ದು ನಾನು, ಅವಳು ಟೀವಿಗೆ ಬೆನ್ನು ಹಾಕಿ ಇಸ್ತ್ರಿ ಮಾಡುತ್ತಾಳೆ. ಮಗ ಆಡುವ ದಿನವೆಲ್ಲ ಹೀಗೇ. ಬೀದಿ ಕೂಗಿದಾಗ ಮಾತ್ರ ಕೈ ನಿಲ್ಲಿಸಿ, "ಯಾರ ಕಡೆ, ಅಕ್ಕ?" ಎನ್ನುತ್ತಾಳೆ. ನಮ್ಮ ಕಡೆ ಎಂದರೆ ಕಾಲರಿನ ಮೇಲೆ ಪೆಟ್ಟಿಗೆ ಮತ್ತೆ ಓಡುತ್ತದೆ.

ನನಗೆ ಕೇಳದೆ ಇರಲಾಗುವುದಿಲ್ಲ. ಅವನೊಬ್ಬನಿಗೆ ಯಾಕೆ ಬೇರೆ ಬಣ್ಣದ ಅಂಗಿ? ಸೀಟಿ ಊದುವವನ ಕಾಲಿಗೆ ಚೆಂಡು ಬಡಿದರೆ ಯಾರ ಲೆಕ್ಕ? ಇಷ್ಟು ಉಗಿಯುತ್ತಾರಲ್ಲ ಹುಲ್ಲಿನ ಮೇಲೆ, ಆಮೇಲೆ ಅದರಲ್ಲೇ ಬಿದ್ದು ಹೊರಳುತ್ತಾರಲ್ಲ — ತಾಯಂದಿರು ಹೇಳಿಕೊಡಲಿಲ್ಲವೇ? ಅವಳು ನಕ್ಕು, ಅಂಗಿ ಒಗೆಯುವವಳನ್ನು ಕೇಳಬೇಕು ಎಂದಳು.

ಶುರುವಿನಲ್ಲಿ ಎದೆಗೆ ಕೈ ಇಟ್ಟು ಹಾಡುತ್ತಾರೆ. ಹಾಡುವಾಗ ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ದೇಶದ ಗೆರೆ ಎಳೆದಿದ್ದರು. ನಮ್ಮ ಮನೆಯ ಬಾವಿ ಗೆರೆಯ ಒಳಗಿದೆಯೋ ಹೊರಗಿದೆಯೋ ಎಂದು ಕೇಳಿದ್ದಕ್ಕೆ ಗೆಣ್ಣಿಗೆ ಬಿತ್ತು. ಗಂಟೆ ಹೊಡೆದ ಮೇಲೆ ಅದೇ ಗೆರೆಯನ್ನು ಅಂಗಿಯ ತೋಳಿನಿಂದ ಅಳಿಸಿ ಮನೆಗೆ ಹೋದರು. ಅವರಿಗೆ ಯಾರೂ ಹೊಡೆಯಲಿಲ್ಲ.

ಗೆದ್ದೆವು. ಸೆಕ್ರೆಟರಿ ಕೆಳಗೆ ಬಂದು ಅವಳಿಗೆ ಕೈ ಮುಗಿದರು. "ವೀರಮಾತೆ" ಎಂದರು. ಹೋಗುವಾಗ ನಾಲ್ಕು ಪ್ಯಾಂಟು ಇಟ್ಟು ಹೋದರು. ನಾಳೆ ಬೆಳಿಗ್ಗೆಗೇ ಬೇಕಂತೆ.

ಜೂನ್ ೯. ಬೆಳಿಗ್ಗೆ ಹತ್ತು

ಬಿಪಿ ೧೬೦–೯೫. ಡಾಕ್ಟರಿಗೆ: ಉಪ್ಪು ತಿಂದದ್ದಲ್ಲ.

ನಿನ್ನೆ ಸೋತರು. ಚೆಂಡು ನೆಟ್ಟಗೆ ಅವನ ಕೈಗೇ ಬಂತು. ಹಿಡಿದ. ಜಾರಿತು. ಕಾಲ ಸಂದಿಯಿಂದ ಹಿಂದೆ ಹೋಯಿತು. ಬೀದಿ ಒಮ್ಮೆಲೇ ಸುಮ್ಮನಾಯಿತು. ಅವಳು, "ಯಾರ ಕಡೆ, ಅಕ್ಕ?" ಎಂದಳು. ಎದ್ದು ಟೀವಿಯ ಸದ್ದು ಇಳಿಸಿದೆ.

ಅಷ್ಟಕ್ಕೇ ಮುಗಿದಿದ್ದರೆ ಇರಲಿ. ಮ್ಯಾಚ್ ಮುಗಿದ ಮೇಲೆ ಗೋಲು ಹೊಡೆದವನು ಬಂದು ಇವನನ್ನು ತಬ್ಬಿಕೊಂಡ. ಇವನೂ ಬೆನ್ನು ತಟ್ಟಿದ, ಅಂಗಿ ಬದಲಾಯಿಸಿಕೊಂಡ. ಆ ಫೋಟೋ ಎಲ್ಲರ ಮೊಬೈಲಿನಲ್ಲಿ. ದೇಶದ್ರೋಹಿಯಂತೆ. ಮಾರಿಕೊಂಡನಂತೆ. ಮೇಲಿನಿಂದ ಯಾರೋ ಕಸದ ಚೀಲ ತಂದು ಅವಳ ಬಾಗಿಲಿಗೆ ಸುರಿದು ಹೋಗಿದ್ದಾರೆ. ಮೊಟ್ಟೆ ಸಿಪ್ಪೆ, ಕೊಳೆತ ಟೊಮೇಟೊ, ಮಗುವಿನ ಡೈಪರ್ರು. ಥೂ. ಪೊರಕೆ ಹಿಡಿದು ಹೋದೆ. ಕೂರು ಅಕ್ಕ, ನಿನಗೆ ಬಗ್ಗಲಾಗುವುದಿಲ್ಲ ಎಂದಳು. ಒಬ್ಬಳೇ ತೊಳೆದಳು.

ಹತ್ತು ಜನ ಮುಂದೆ ನಿಂತಿದ್ದರಲ್ಲ, ಅವರನ್ನೆಲ್ಲ ದಾಟಿಯೇ ಬಂದದ್ದು ಚೆಂಡು. ಅವರ ತಾಯಂದಿರ ಬಾಗಿಲಿಗೆ ಏನು ಸುರಿದರೋ ವಿಚಾರಿಸಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಎಂಟೂವರೆಗೆ ಎಂದಿನಂತೆ ಬಟ್ಟೆ ಗಂಟುಗಳು ಇಳಿದವು. ಕಸ ಸುರಿದ ಕೈಯಲ್ಲೇ ಕೊಟ್ಟಿರುತ್ತಾರೆ. ಇವಳೂ ಇಸ್ಕೊಂಡಳು.

ಜೂನ್ ೧೦. ಮಧ್ಯಾಹ್ನ

೧೫೫–೯೦.

ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಸೆಕ್ರೆಟರಿ ಬಂದರು. ಕೈಯಲ್ಲೊಂದು ಕಾಗದ, ಕಾಗದದ ನೆತ್ತಿಯಲ್ಲಿ ಬಣ್ಣದ ಬಾವುಟದ ಚಿತ್ರ. ನಮ್ಮ ಹುಡುಗನ ವಿಷಯ ಅಜ್ಜಿ, ಮನೆಗೊಂದು ಸೈನ್ ಬೇಕು ಎಂದರು. ಹೆಬ್ಬೆಟ್ಟಾದರೂ ನಡೆಯುತ್ತದೆ ಎಂದು ಇಂಕ್ ಡಬ್ಬಿ ತೆಗೆದರು. ಮೈ ಉರಿಯಿತು. ಪೆನ್ನು ಕಿತ್ತುಕೊಂಡೆ. ಇನಿಷಿಯಲ್ ಸಮೇತ ಹಾಕಿದೆ, ಒಂದು ಸಾಲು ಪೂರ್ತಿ. ಕನ್ನಡಕ ಅಡುಗೆಮನೆಯಲ್ಲಿತ್ತು. ಅವರ ಎದುರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಕೂರುವುದಕ್ಕೆ ಮನಸ್ಸು ಬರಲಿಲ್ಲ.

ಇನ್ನೊಂದು ಮ್ಯಾಚ್ ಇದೆ. ಹುಡುಗನಿಗೆ ಧೈರ್ಯ ಹೇಳಿ ಕಾಗದ ಕಳಿಸುತ್ತಿದ್ದಾರೆ. ತಡವಾಗಿಯಾದರೂ ಬುದ್ಧಿ ಬಂತಲ್ಲ. ಸೈನ್ ಕೆಳಗೆ ನನ್ನ ಕಡೆಯಿಂದ ಒಂದು ಮಾತೂ ಸೇರಿಸಿದೆ: ದೇವರು ಒಳ್ಳೆಯದು ಮಾಡಲಿ. ಸೆಕ್ರೆಟರಿ ಅದನ್ನು ಓದಿ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹೋದರು.

ಜೂನ್ ೧೨

ಬಿಪಿ ನೋಡುವುದಿಲ್ಲ. ಗೊತ್ತಿದೆ ಎಷ್ಟಿರುತ್ತದೆ ಎಂದು.

ಕಾಗದ ನೋಟಿಸ್ ಬೋರ್ಡಿನಲ್ಲಿದೆ, ಮೆಟ್ಟಿಲ ಬುಡದಲ್ಲಿ, ಗಾಜಿನ ಒಳಗೆ. ನನ್ನ ಸೈನ್ ದೂರದಿಂದಲೇ ಕಂಡಿತು, ಎಲ್ಲಕ್ಕಿಂತ ದೊಡ್ಡದು. ಖುಷಿಯಾಗಿ ಹತ್ತಿರ ಹೋದೆ. ಈ ಸಲ ಕನ್ನಡಕ ಇತ್ತು. ಗಾಜಿನ ಮೇಲೆ ಬೆರಳಿಟ್ಟು ಓದಿದೆ. ನೆಲಮಹಡಿಯ ಕೋಣೆಯಲ್ಲಿರುವ ಹೆಂಗಸಿನಿಂದ… ಕಟ್ಟಡದ ಶಾಂತಿಗೂ ದೇಶದ ಗೌರವಕ್ಕೂ… ತೆರವು… ತೆರವು… ಅಲ್ಲೇ ಸಿಕ್ಕಿಕೊಂಡೆ. ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆನೆಂದು ಕಾಣುತ್ತದೆ.

"ತೆರವು ಮಾಡ್ಸೋದು ಅಂದ್ರೆ ಖಾಲಿ ಮಾಡ್ಸೋದು, ಅಕ್ಕ."

ಹಿಂದೆಯೇ ನಿಂತಿದ್ದಳು, ತನ್ನ ಬಾಗಿಲಲ್ಲಿ. ಎಷ್ಟು ಹೊತ್ತಿನಿಂದಲೋ.

ಗೊತ್ತಿರಲಿಲ್ಲ ಕಣೇ, ಓದದೆ ಹಾಕಿದೆ ಎಂದೆ. ಹತ್ತು ಸಲ ಎಂದೆ. ಅವಳು ಅಳಲಿಲ್ಲ, ಬೈಯಲಿಲ್ಲ.

"ಸೈನು ಹದಿನಾರು ಮನೆಯವರು ಹಾಕಿದ್ದಾರೆ. ಆಶೀರ್ವಾದ ಮಾಡಿದ್ದು ನೀನೊಬ್ಬಳೇ."

ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮುಖಕ್ಕೆ ಆ ಬಾಗಿಲು ಹಾಕಿದ್ದು ಇದೇ ಮೊದಲು.

ಜೂನ್ ೧೪. ಸಂಜೆ ಆರು

೧೭೦–೧೦೦.

ಕಮಿಟಿ ಮೀಟಿಂಗಿಗೆ ಹೋದೆ. ಕರೆದಿರಲಿಲ್ಲ. ಇಪ್ಪತ್ತನಾಲ್ಕು ಮನೆಯಲ್ಲಿ ಹದಿನಾರು ಸೈನ್ ಇದ್ದರೆ ಕಾಗದಕ್ಕೆ ಬಲ ಎಂದು ಸೆಕ್ರೆಟರಿ ರೂಲ್ಸ್ ಓದುತ್ತಿದ್ದರು. ಅವರ ಅಂಗಿಯ ಕಾಲರು ಕತ್ತಿಯ ಹಾಗೆ ನಿಂತಿತ್ತು. ಯಾರ ಕೈಯ ಇಸ್ತ್ರಿ ಅದು? ಸುತ್ತ ನೋಡಿದೆ. ಎಲ್ಲ ಕಾಲರುಗಳೂ ಹಾಗೇ ನಿಂತಿವೆ. ಅವಳು ನೆಟ್ಟಗೆ ಮಾಡಿಕೊಟ್ಟ ಬಟ್ಟೆಯೊಳಗೆ ಕೂತು ಅವಳನ್ನು ಹೊರಗೆ ಹಾಕುವ ಮಾತು. ಹೇಸಿಗೆಯಾಯಿತು. ನನ್ನ ಮೈಮೇಲಿನ ಬಟ್ಟೆಯ ಮಡಿಕೆಯೂ ಅವಳದೇ ಎಂದು ನೆನಪಾಗಿ ಇನ್ನಷ್ಟು.

ನನ್ನ ಸೈನ್ ಅಳಿಸಿ ಎಂದೆ. ಕೊಟ್ಟ ಸೈನ್ ಕೊಟ್ಟದ್ದೇ, ಓದಿಯೇ ತಾನೆ ಹಾಕಿದ್ದು ಎಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸೊಸೆಯೂ, ಮಗನೂ. ಬಂದ ದಿನದಿಂದ ಈ ಕಟ್ಟಡದಲ್ಲಿ ಪೇಪರ್ ಹಿಡಿದು ಬಾಲ್ಕನಿಯಲ್ಲಿ ಕೂರುವವಳು ನಾನು. ಚಿತ್ರ ನೋಡುತ್ತೇನೆ, ದಪ್ಪಕ್ಷರ ಓದುತ್ತೇನೆ, ಉಳಿದದ್ದಕ್ಕೆ ತಲೆದೂಗುತ್ತೇನೆ. ಯಾರಿಗೂ ಗೊತ್ತಿಲ್ಲ.

"ಓದಿಲ್ಲ," ಎಂದೆ. "ನನಗೆ ಅಷ್ಟು ಬೇಗ ಓದಕ್ಕೆ ಬರಲ್ಲ. ಒಂದು ಹಾಳೆಗೆ ಅರ್ಧ ಗಂಟೆ ಬೇಕು. ನಾಚಿಕೆಯಾಗಿ ಹೇಳಿಲ್ಲ. ನಿಮಗೆಲ್ಲ ಓದಕ್ಕೆ ಬರುತ್ತಲ್ಲ, ನೀವು ಓದಿಯೇ ಹಾಕಿದ್ರಾ?"

ಮಗ ಬಂದು ತೋಳು ಹಿಡಿದ. ಅಮ್ಮ, ಮೇಲೆ ನಡಿ, ನಾಳೆ ಎಲ್ಲರ ಮುಖ ನೋಡಬೇಕು ನಾವು ಎಂದ. ನೋಡು, ಇಸ್ತ್ರಿ ಮಾಡಿದ ಹಾಗೆ ಇರುತ್ತೆ ಎಂದೆ. ಕಾಗದ ಮೇಜಿನ ಮೇಲಿತ್ತು. ಪೆನ್ನು ಸೆಕ್ರೆಟರಿಯ ಜೇಬಿನಲ್ಲಿತ್ತು. ಎರಡಕ್ಕೂ ಕೈ ಹಾಕಿದೆ. ಹೊಡೆದು ಹಾಕಿದೆ, ಸೈನೂ ಆಶೀರ್ವಾದವೂ, ಹಾಳೆ ಹರಿಯುವ ಹಾಗೆ.

ಹದಿನೈದು ಆಯಿತು. ಇನ್ನೊಂದು ಸಿಗದೆ ಎಲ್ಲಿ ಹೋಗುತ್ತದೆ ಎಂದರು ಸೆಕ್ರೆಟರಿ.

ಕೆಳಗೆ ಹೋಗಿ ಅವಳ ಬಾಗಿಲು ಬಡಿದು, ಅಳಿಸಿದೆ ಎಂದೆ. ಒಳಗಿನಿಂದ ಇಸ್ತ್ರಿ ಪೆಟ್ಟಿಗೆಯ ಸದ್ದು ಮಾತ್ರ.

ಜೂನ್ ೧೬

ಹೋಗಿದ್ದಾಳೆ.

ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಬಟ್ಟೆ ಗಂಟು. ಇಸ್ತ್ರಿಯಾಗಿ, ಮಡಿಕೆಯಾಗಿ, ಹಳೇ ಪೇಪರಿನಲ್ಲಿ ಸುತ್ತಿ. ಎಲ್ಲ ಇಪ್ಪತ್ತನಾಲ್ಕು ಹೊಸ್ತಿಲಲ್ಲೂ ಹಾಗೇ ಇಟ್ಟಿದ್ದಾಳೆ. ಬಾಕಿ ಕೆಲಸ ಒಂದೂ ಬಿಟ್ಟಿಲ್ಲ. ಕೆಳಗೆ ಬೀಗ. ತಂಗಿಯ ಊರಿಗೆ ಎಂದು ಹಾಲಿನವನಿಗೆ ಹೇಳಿದ್ದಾಳಂತೆ. ನನಗೆ ಹೇಳಿಲ್ಲ.

ನನ್ನ ಬಟ್ಟೆ ಯಾವಾಗಲೂ ಕೈಯಲ್ಲೇ ತಂದು ಕೊಡುತ್ತಿದ್ದಳು. ಕೂತು, ಊರ ಮೇಲಿನ ಮಾತೆಲ್ಲ ಆಡಿ ಹೋಗುತ್ತಿದ್ದಳು. ಈಗ ಹೊಸ್ತಿಲಲ್ಲಿ. ಇಪ್ಪತ್ತನಾಲ್ಕರಲ್ಲಿ ನಾನೂ ಒಬ್ಬಳು.

ಜೂನ್ ೨೦

ಬರೆಯಲು ಮನಸ್ಸಿರಲಿಲ್ಲ. ನಿನ್ನೆ ಕಂಡದ್ದನ್ನು ಬರೆಯದೆ ಇರಲಾಗಲಿಲ್ಲ.

ನಿನ್ನೆ ಗೆದ್ದರು. ಉದ್ದಗೈ ಕೊನೆಯ ಗಳಿಗೆಯಲ್ಲಿ ಹಾರಿ ಬೆರಳ ತುದಿಯಲ್ಲಿ ತಡೆದ. ನಾನು ಒಬ್ಬಳೇ ನೋಡಿದೆ, ಯಾರ ಕಡೆ ಎಂದು ಕೇಳುವವರಿಲ್ಲ.

ಹತ್ತು ನಿಮಿಷವಾಗಿಲ್ಲ — ಡೋಲು. ಹದಿನೈದು ಸೈನೂ ಮೆಟ್ಟಿಲಿಳಿದು ಹೋದವು, ಕೈಯಲ್ಲಿ ಬಾವುಟ, ಹೂವು. ಅವಳ ಬಾಗಿಲ ಮುಂದೆ ನಿಂತು ಚಪ್ಪಾಳೆ. ವೀರಮಾತೆಗೆ ಜೈ ಅಂತೆ. ಬೀಗಕ್ಕೆ ಜೈ ಎಂದರು. ಎಷ್ಟೋ ಹೊತ್ತಿನ ಮೇಲೆ ಯಾರಿಗೋ ಬೀಗ ಕಂಡಿತು. ಹೂವನ್ನು ಚಿಲಕಕ್ಕೇ ಸಿಕ್ಕಿಸಿದರು. ನೋಟಿಸ್ ಬೋರ್ಡಿನ ಕಾಗದ ಯಾವಾಗ ಮಾಯವಾಯಿತೋ. ಪಿನ್ನು ಮಾತ್ರ ಉಳಿದಿದೆ.

ಸೆಕ್ರೆಟರಿ ಮೇಲೆ ಬಂದು, ನಿಮ್ಮ ಮಾತು ಕೇಳುತ್ತಾಳೆ, ಕರೆಸಿ ಅಜ್ಜಿ, ಟೀವಿಯವರು ಬರುತ್ತಾರೆ, ತಾಯಿ ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲ ಎಂದರು. ಅವರಿಗೆ ಕಸದ ಚೀಲವನ್ನೇ ತೋರಿಸಿ ಎಂದೆ. ಗಾಳಿ ಬಂದ ಕಡೆ ತೂರಿಕೊಳ್ಳುವ ಜನ. ಇವರ ದೇಶ ಎಲ್ಲಿದೆ ಎಂದು ಈಗ ಗೊತ್ತಾಯಿತು — ಚೆಂಡಿನ ಒಳಗೆ. ಬರೀ ಗಾಳಿ.

ಜೂನ್ ೨೩. ಬೆಳಿಗ್ಗೆ

ಇನ್ನೂ ಹೇಸುವುದಕ್ಕೆ ಬಾಕಿ ಇತ್ತು. ಕಮಿಟಿ ಹೊಸ ತೀರ್ಮಾನ ಮಾಡಿದೆ. ಆ ಕೋಣೆಯನ್ನು ಮ್ಯಾಚ್ ನೋಡುವ ಹಾಲ್ ಮಾಡುತ್ತಾರಂತೆ. ದೊಡ್ಡ ಟೀವಿ, ಗೋಡೆ ತುಂಬ ಉದ್ದಗೈಯ ಫೋಟೋ, ಬಾಗಿಲ ಮೇಲೆ ಅವನದೇ ಹೆಸರು. ಮಗನ ಹೆಸರು ಬರೆಯಲು ತಾಯಿಯ ಬೀಗ ಒಡೆಯುವುದು. ಈ ತಿಂಗಳು ಮುಗಿಯುವುದರೊಳಗೆ ಬಾರದಿದ್ದರೆ, ಬರುತ್ತೇನೆ ಎಂದು ಕೈಬರಹದಲ್ಲಿ ತಿಳಿಸದಿದ್ದರೆ, ಕೋಣೆ ಮತ್ತೆ ಕಮಿಟಿಯ ಕೈಗೆ. ರೂಲ್ಸ್ ಇದೆಯಂತೆ. ಈ ಸಲ ನಾನೇ ಇಸ್ಕೊಂಡು ಓದಿದೆ. ಅವರೆಲ್ಲರ ಎದುರೇ, ಬೆರಳಿಟ್ಟು. ಮುಕ್ಕಾಲು ಗಂಟೆ ಹಿಡಿಯಿತು. ಕಾಯಲಿ. ಇದೆ, ನಿಜ.

ಮಗ ನಮಗ್ಯಾಕಮ್ಮ ಎಂದ. ಇವನಿಗೆ ಮೊಲೆ ಕೊಟ್ಟವಳೂ ನಾನೇ.

ಜೂನ್ ೨೪

ವಿಳಾಸ ಹಾಲಿನವನ ಹತ್ತಿರ ಸಿಕ್ಕಿತು. ಮೊದಲು ಇಲ್ಲಿ ಬರೆದು, ತಿದ್ದಿ, ಆಮೇಲೆ ಒಳ್ಳೆಯ ಹಾಳೆಗೆ ಇಳಿಸಬೇಕು.

ನೋಡೇ,

ಕ್ಷಮಿಸು ಎಂದು ಬರೆಯುವುದಿಲ್ಲ. ಕೇಳುವ ಮುಖ ಇಲ್ಲ. ಗೊತ್ತಿಲ್ಲದೆ ಹಾಕಿದೆ ಎನ್ನುವುದು ನಿಜ, ಆದರೆ ಓದಲು ಗೊತ್ತಿಲ್ಲ ಎಂದು ಅವತ್ತೇ ಹೇಳಿಬಿಟ್ಟಿದ್ದರೆ ಹಾಕುತ್ತಲೇ ಇರಲಿಲ್ಲ. ನನ್ನ ಜಂಬ ನಿನ್ನ ಬಾಗಿಲಿಗೆ ಬಂತು. ಮೇಲಿನವರು ಸುರಿದ ಕಸ ನೀನು ತೊಳೆದೆ. ನಾನು ಸುರಿದದ್ದು ನಾನೇ ತೊಳೆಯಬೇಕು.

ಈ ಜನಕ್ಕೋಸ್ಕರ ಬರಬೇಡ. ಅವರ ಹೂವು ಚಿಲಕದಲ್ಲೇ ಕೊಳೆಯಿತು, ಕಿತ್ತು ಬಿಸಾಡಿದ್ದೇನೆ. ಆದರೆ ಕೋಣೆ ನಿನ್ನದು. ಬೆಳಿಗ್ಗೆಯಿಂದ ನಿನ್ನ ಬಾಗಿಲ ಮುಂದೆ ಕುರ್ಚಿ ಹಾಕಿ ಕೂತಿದ್ದೇನೆ. ಬೀಗ ಒಡೆಯಲು ಬಂದವನು ನನ್ನನ್ನು ಎತ್ತಿಟ್ಟು ಒಡೆಯಬೇಕು, ಮೊಣಕಾಲು ನೋವಿನವಳನ್ನು ಎತ್ತುವುದು ಸುಲಭವಲ್ಲ. ಆದರೂ ಕುರ್ಚಿ ರೂಲ್ಸಿನಲ್ಲಿಲ್ಲ. ನಿನ್ನ ಕೈಬರಹ ಬೇಕು. ಒಂದೇ ಗೆರೆ ಸಾಕು — ಕೋಣೆ ನನ್ನದು, ಬರುತ್ತೇನೆ. ಕೆಳಗೆ ಸೈನ್. ಬರುವುದಿಲ್ಲ ಎನ್ನುವುದಾದರೆ ಅದನ್ನೂ ಬರೆ. ಬೈಯುವುದಾದರೆ ಬೈದು ಬರೆ, ಎರಡು ಹಾಳೆ ಆಗಲಿ, ಪೂರ್ತಿ ಓದುತ್ತೇನೆ. ಸುಮ್ಮನಿರುವುದು ಮಾತ್ರ ಬೇಡ. ದೊಡ್ಡವಳು ಹೇಳುತ್ತಿದ್ದೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.